ದೀಪ ಕುಂದಿಸದ ಮೋಟಾರು

“ನೋಡ್ತಾ ಇರಿ! ಇನ್ನು ಮುಂದೆ ನನ್ನ ದೆಸೆಯಿಂದ ಈ ಕೇರಿಯಲ್ಲಿ ಒಂದೇ ಒಂದು ಬಲ್ಬು ಕಣ್ಣು ಮಿಟುಕಿಸಿದ್ರೆ, ಈ ಗಿರಣಿ ಬಾಗಿಲು ಹಾಕಿ ಒಳಗೆ ಕೋಳಿ ಸಾಕ್ತೆ!”

ಈ ಭೀಷಣ ಪ್ರತಿಜ್ಞೆ ಮಾಡುವಾಗ ನನ್ನ ಮೈಮೇಲೆ ತಲೆಯಿಂದ ಕಾಲಿನ ತನಕ ಅಕ್ಕಿಹಿಟ್ಟು. ಕೈಯಲ್ಲಿ ಹಿಟ್ಟು ಗುಡಿಸುವ ಪೊರಕೆ. ಕೇಳಿಸಿಕೊಳ್ಳಲು ಇದ್ದವರು ನಮ್ಮನೆಯವರು ಒಬ್ಬರೇ. ಅವರು ಮೊಸರವಲಕ್ಕಿ ತಿನ್ನುತ್ತ ಕೂತಿದ್ದರು.

“ಕೋಳಿ ಸಾಕುದಾದ್ರೆ ಮೊದ್ಲೇ ಹೇಳು. ಗೂಡು ಮಾಡಬೇಕು” ಅಂದರು.

ನನ್ನ ಪ್ರತಿಜ್ಞೆಗೆ ಸಿಕ್ಕ ಮರ್ಯಾದೆ ಅಷ್ಟು!

ಇಡಗುಂದಿಯಲ್ಲಿ ನಮ್ಮ ಕೇರಿ ಇರುವುದು ಕರೆಂಟಿನ ಲೈನು ಮುಗಿಯುವಲ್ಲಿ. ಅಲ್ಲೆಲ್ಲೋ ಹೊರಟ ಕರೆಂಟು ದಾರಿಯಲ್ಲಿ ಸಿಕ್ಕವರ ಮನೆಯಲ್ಲೆಲ್ಲ ಕೂತು, ಚಾ ಕುಡಿದು, ಸುಖದುಃಖ ಮಾತಾಡಿ, ನಮ್ಮ ಕೇರಿ ಮುಟ್ಟುವಾಗ ಪೂರಾ ಸುಸ್ತಾಗಿರುತ್ತದೆ. ಅಂಥ ಸುಸ್ತಾದ ಕರೆಂಟಿಗೆ ಬಾಯಿ ಹಾಕುವುದು ನನ್ನ ಹಿಟ್ಟಿನ ಗಿರಣಿ. ಗದ್ದೆ ಕೆಲಸಕ್ಕೆ ನನ್ನ ಮೊಣಕಾಲು ರಾಜೀನಾಮೆ ಕೊಟ್ಟಾಗ ಮನೆಯ ಬದಿಯ ಕೋಣೆಯಲ್ಲಿ ಹಾಕಿಸಿದ್ದು. ಸಂಜೆ ದೀಪ ಹಚ್ಚುವ ಹೊತ್ತಿನ ಆಚೆ ಈಚೆ, ಕರೆಂಟು ಕೊಂಚ ಗಟ್ಟಿ ಇದೆ ಅಂತ ಕಂಡಾಗ ಶುರು ಮಾಡುತ್ತೇನೆ. ಕೆಲಸದಿಂದ ಬಂದ ಹೆಂಗಸರು ಡಬ್ಬಿ ಹಿಡಿದು ಬರುತ್ತಾರೆ. ಮೊದಲು ಅಕ್ಕಿ, ಆಮೇಲೆ ರಾಗಿ, ಕೊನೆಗೆ ಮೆಣಸು. ಈ ಕ್ರಮ ತಪ್ಪಿದರೆ ಮರುದಿನ ಯಾರದ್ದಾದರೂ ಮನೆಯಲ್ಲಿ ಮಗು ಖಾರದ ದೋಸೆ ತಿಂದು ಕುಣಿಯುತ್ತದೆ!

ನಾನು ಸ್ವಿಚ್ಚು ಒತ್ತಿದ ಕೂಡಲೆ ಮೋಟಾರು “ಗುಂಯ್ಯ್ಯ್” ಅಂತ ಏಳುತ್ತಿತ್ತು. ಅದು ಏಳುವ ಆ ಒಂದು ಉಸಿರಿನಲ್ಲಿ ಇಡೀ ಕೇರಿಯ ಬಲ್ಬುಗಳು ಹಣ್ಣುಮೆಣಸಿನ ಬಣ್ಣಕ್ಕೆ ತಿರುಗುತ್ತಿದ್ದವು. ಫ್ಯಾನುಗಳು ನಿಟ್ಟುಸಿರು ಬಿಡುತ್ತಿದ್ದವು. ಮಿಕ್ಸರುಗಳು ಅಳುತ್ತಿದ್ದವು. ಆಮೇಲೆ ಎಲ್ಲ ಮೊದಲಿನಂತೆ. ಎಲ್ಲ ಅಂದರೆ, ನಮ್ಮೆದುರು ಮನೆಯ ಶಾರದವ್ವ ಒಬ್ಬರನ್ನು ಬಿಟ್ಟು!

ಶಾರದವ್ವ ಬನವಾಸಿ ಕಡೆಯವರು. ಅವರ ಗಂಡ ಮಧುಕೇಶ್ವರಪ್ಪ ಇಲ್ಲಿ ರಸ್ತೆ ಬದಿಗೆ ಕಿರಾಣಿ ಅಂಗಡಿ ಹಾಕಿದಾಗ ಬಂದವರು, ಇಲ್ಲೇ ಊರಿದವರು. ನನ್ನ ಗಿರಣಿಯ ಕಲ್ಲು ತಿರುಗಿ ಸರಿಯಾಗುವುದರೊಳಗೆ ಅವರು ನನ್ನ ಬಾಗಿಲಲ್ಲಿ.

“ಏನ್ರೀ ದೇವಕ್ಕಾ! ಗಿರಣಿ ನಡಸ್ತೀರೋ, ಊರು ಸುಡ್ತೀರೋ? ಧಾರಾವಾಹಿಯೊಳಗ ಅತ್ತಿ ಸೊಸಿ ಕಪಾಳಕ್ಕ ಹೊಡಿಯಾಕ ಕೈ ಎತ್ತಿದ್ಲು, ಅಷ್ಟಕ್ಕ ಟಿವಿ ಆರಿತು! ಹೊಡದ್ಲೋ, ಬಿಟ್ಲೋ, ನನಗ ಯಾರು ಹೇಳ್ತಾರ?”

“ಇವತ್ತು ಹೊಡಿಲಿಕ್ಕಿಲ್ಲ. ಕೈ ಎತ್ತುಕೆ ಒಂದು ವಾರ, ಇಳಿಸುಕೆ ಒಂದು ವಾರ ಬೇಕಲ್ಲ. ಕೂತ್ಕಳಿ ಶಾರದವ್ವ.”

“ಕುಂದ್ರಾಕ ಬಂದಿಲ್ಲ ನಾ. ಬೈಯಾಕ ಬಂದೇನಿ!” ಅನ್ನುತ್ತ ಬೆಂಚಿನ ಗೋಡೆ ಬದಿಗೆ ಕೂತೇ ಬಿಡುತ್ತಿದ್ದರು.

ಕೂತವರು ಏಳುವುದು ಕೊನೆಯ ಡಬ್ಬಿ ಮುಗಿದ ಮೇಲೆ. ಅಷ್ಟರಲ್ಲಿ ಯಲ್ಲಾಪುರದಿಂದ ಬನವಾಸಿ ತನಕ ಯಾರ ಮನೆಯಲ್ಲಿ ಯಾರು ಮುನಿಸಿಕೊಂಡರು, ಯಾರ ಎಮ್ಮೆ ಯಾರ ಗದ್ದೆಗೆ ಹೋಯಿತು, ಯಾವ ಸೊಸೆ ತವರಿಗೆ ಹೋದವಳು ಬಂದಳು, ಯಾವಳು ಬರಲಿಲ್ಲ, ಎಲ್ಲ ಬೀಸಿ ಹಿಟ್ಟಾಗಿರುತ್ತಿತ್ತು. ನಾನು ಮಾತಿನವಳಲ್ಲ. “ಹೌದಾ”, “ಹಂಗಾರೆ ಮುಂದೆ?” ಇವೆರಡೇ ನನ್ನ ಮಾತು. ಆದರೆ ಕೇಳುವುದರಲ್ಲಿ ನನ್ನನ್ನು ಸೋಲಿಸುವವರು ಈ ಮೂರು ತಾಲ್ಲೂಕಿನಲ್ಲಿ ಇಲ್ಲ! ದಿನವಿಡೀ ನನಗೆ ಬೇಕಾದದ್ದು ಆ ಒಂದು ಗಳಿಗೆ. ಶಾರದವ್ವ ಹೇಳಬೇಕು, ನಾನು ಕೇಳಬೇಕು.

ಆದರೂ ಬೈಗುಳ ಬೈಗುಳವೇ ಅಲ್ಲವಾ? ದಿನಾ “ಊರು ಸುಡ್ತೀರೋ” ಅಂತ ಕೇಳಿ ಕೇಳಿ ನನಗೂ ಬೇಜಾರಾಗುತ್ತಿತ್ತು. ಪಾಪ, ನನ್ನ ಮೋಟಾರಿನಿಂದ ಶಾರದವ್ವನಿಗೆ ಇಷ್ಟು ತ್ರಾಸು. ಒಂದು ದಿನ ನಿಜಕ್ಕೂ ಸಿಟ್ಟಾಗಿ ಬರುವುದೇ ಬಿಟ್ಟರೆ? ಆ ಹೆದರಿಕೆಯಿಂದ ಹುಟ್ಟಿದ್ದು ನನ್ನ ಪ್ರತಿಜ್ಞೆ.

ಮೋಟಾರು ಆಗ ಯಲ್ಲಾಪುರದಲ್ಲಿ ಪ್ರಮೋದನ ವೈಂಡಿಂಗ್ ಅಂಗಡಿಯಲ್ಲಿತ್ತು. ಸುಟ್ಟುಹೋದ ತಂತಿ ಸುತ್ತಲು ಕೊಟ್ಟಿದ್ದೆವು. ತರಲು ಹೋದಾಗ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಿವಿ ತೆರೆದೆ. ಪ್ರಮೋದ ಇನ್ನೊಬ್ಬ ಗಿರಾಕಿಗೆ ಹೇಳುತ್ತಿದ್ದ, “ಇದು ಬೇರೆ ನಮೂನಿ ಮೋಟಾರು ಮಾರಾಯ್ರೇ. ಸಿಂಗಲ್ ಫೇಸೇ. ಆದ್ರೆ ಶುರುವಾಗುವಾಗ ಹೆಚ್ಚು ಕರೆಂಟು ಎಳಿಯುದಿಲ್ಲ. ವೀಕ್ ಲೈನಲ್ಲೂ ಏಳ್ತದೆ. ಫ್ಯೂಸು ಹೋಗುದಿಲ್ಲ, ಬೆಲ್ಟು ಹರಿಯುದಿಲ್ಲ, ವೈಂಡಿಂಗೂ ಬೇಗ ಸುಡುದಿಲ್ಲ.”

ಗಿರಾಕಿ ಹೋದ ಮೇಲೆ ನಾನು ಮೆಲ್ಲಗೆ, “ತಮ್ಮಾ, ಶುರುವಿಗೆ ಅಷ್ಟು ಕರೆಂಟು ಎಂತಕೆ ಬೇಕು?” ಅಂತ ಕೇಳಿದೆ.

“ಅಮ್ಮಾ, ನಿಂತದ್ದನ್ನ ಎಬ್ಬಿಸುದೇ ಕಷ್ಟ. ಹಳೇ ಮೋಟಾರು ಏಳುವಾಗ ಓಡುದಕ್ಕಿಂತ ಐದಾರು ಪಟ್ಟು ಕರೆಂಟು ಎಳಿತದೆ. ಒಮ್ಮೆ ಎದ್ದ ಮೇಲೆ ಅದಕ್ಕೆ ಸ್ವಲ್ಪ ಸಾಕು.”

ಆಹಾ! ನನಗೆ ಫಕ್ಕನೆ ತಿಳಿಯಿತು. ಇದು ಥೇಟು ನಮ್ಮನೆಯವರು! ಬೆಳಿಗ್ಗೆ ಅವರು ಏಳುವ ಹೊತ್ತಿಗೆ ಇಡೀ ಮನೆ ಓಡಬೇಕು. ಚಾ ಎಲ್ಲಿ, ಟವೆಲ್ಲು ಎಲ್ಲಿ, ಕನ್ನಡಕ ಎಲ್ಲಿ, ಬಿಸಿನೀರು ಎಲ್ಲಿ, ಮೊಣಕಾಲಿಗೆ ಎಣ್ಣೆ ಎಲ್ಲಿ! ಒಮ್ಮೆ ಎದ್ದು ಜಗಲಿಯಲ್ಲಿ ಕೂತರೆ ಮುಗಿಯಿತು, ಸಂಜೆಯ ತನಕ ಒಂದು ಮಾತಿಲ್ಲ. ಮತ್ತೆ ನಾನು? ನಾನು ಎದ್ದದ್ದೇ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

“ಗೊತ್ತಾಯ್ತು ತಮ್ಮಾ. ಹಳೇ ಮೋಟಾರು ಗಂಡಸು, ಇದು ಹೆಂಗಸು. ಇದನ್ನೇ ಕೊಡು!”

ಪ್ರಮೋದ ನಕ್ಕು ಕೊಟ್ಟ. ಪ್ರಾಣ ಬಂದ ಹಳೆಯದನ್ನು ಬಿಟ್ಟುಬರಲು ಮನಸ್ಸಾಗದೆ ಅದನ್ನೂ ರಿಕ್ಷಾದಲ್ಲಿ ಹೇರಿಸಿದೆ. ಜೊತೆಗೆ ಬಂದಿದ್ದ ನಮ್ಮನೆಯವರು ದಾರಿಯುದ್ದಕ್ಕೂ, “ಎರಡು ಮೋಟಾರು! ಎರಡು ಮೋಟಾರು! ಗಿರಣಿಗೆ ಸವತಿ ತಂದ್ಯಲ್ಲೇ” ಅಂತ ರಾಗ ಹಾಡಿದರು.

ಜೋಡಣೆಯಾಯಿತು. ದೇವರಿಗೆ ಕಾಯಿ ಒಡೆದೆ, ಮೋಟಾರಿಗೆ ಕುಂಕುಮ ಹಚ್ಚಿದೆ. ಇಬ್ಬರೂ ಬಲ್ಬು ನೋಡುತ್ತ ನಿಂತೆವು. ಸ್ವಿಚ್ಚು ಒತ್ತಿದೆ. ಬಲ್ಬು ಕದಲಲಿಲ್ಲ, ಹಳೆಯ “ಗುಂಯ್ಯ್ಯ್” ಕೂಡ ಕೇಳಲಿಲ್ಲ!

“ಹೋಯ್ತು. ಪ್ರಮೋದ ಟೊಪ್ಪಿ ಹಾಕಿದ. ಇದು ಶುರುವೇ ಆಗಲಿಲ್ಲ” ಅಂದರು ಇವರು.

“ಹೌದಲಾ! ಬಲ್ಬು ಕುಂದ್ಲೇ ಇಲ್ಲ!”

“ಈಗ್ಲೇ ಫೋನು ಮಾಡು. ಅವ್ನಿಗೆ ನಾನೇ ಹೇಳ್ತೆ…” ಅನ್ನುತ್ತ ಇವರು ಮೋಟಾರಿನ ಕಡೆ ಕೈ ಚಾಚಿದರು. ಹೆಗಲ ಟವೆಲ್ಲಿನ ತುದಿ ಬೆಲ್ಟಿಗೆ ಸಿಕ್ಕಿ ಸರ್ರನೆ ಹೋಯಿತು! ಟವೆಲ್ಲು ಒಂದು ಸುತ್ತು ಹೊಡೆದು ಚಿಂದಿಯಾಗಿ ಮೆಣಸಿನ ಡಬ್ಬಿಯ ಮೇಲೆ ಬಿತ್ತು. ಆಗ ಇಬ್ಬರಿಗೂ ಖಾತ್ರಿಯಾಯಿತು, ಮೋಟಾರು ಶುರುವಾಗಿದೆ! ಇಂಥ ನಾಜೂಕು ನಾನು ಜನ್ಮದಲ್ಲಿ ನೋಡಿರಲಿಲ್ಲ. ಬೆಂಚು ಒರೆಸಿ, ಶಾರದವ್ವ ಬಂದು ಹೊಗಳುವುದನ್ನು ಕಾಯುತ್ತ ಕೂತೆ.

ಶಾರದವ್ವ ಬರಲಿಲ್ಲ.

ಶಾರದವ್ವ ಮಾತ್ರ ಅಲ್ಲ, ಒಂದು ನರಪಿಳ್ಳೆಯೂ ಬರಲಿಲ್ಲ! ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಕಾಯುವುದು ನನಗೆ ಹೊಸತಲ್ಲ. ಹಾಲು ಉಕ್ಕುವುದನ್ನು, ಬಸ್ಸು ಬರುವುದನ್ನು, ಇವರಿಗೆ ಬುದ್ಧಿ ಬರುವುದನ್ನು ಕಾದವಳು ನಾನು. ಆದರೆ ಮೋಟಾರು ಸುಮ್ಮನೆ ತಿರುಗಬಾರದಲ್ಲ? ಮನೆಯ ಅಕ್ಕಿ ಬೀಸಿದೆ. ರಾಗಿ ಬೀಸಿದೆ. ಡಬ್ಬಿಯ ಅಡಿಯಲ್ಲಿದ್ದ ಹಳೆಯ ಗೋಧಿ ಬೀಸಿದೆ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ರೊಟ್ಟಿ, ಸಂಜೆ ರೊಟ್ಟಿ.

“ಮಾರಾಯ್ತಿ, ಒಂದು ತುತ್ತು ಅನ್ನ ಮಾಡು. ಅಕ್ಕಿ ಇನ್ನೂ ಇಡಿಯಾಗಿ ಇರುದು ಎಲ್ಲಾದ್ರೂ ಉಂಟಾ?” ಅಂತ ಇವರು ಅಳುವ ದನಿಯಲ್ಲಿ ಕೇಳಿದರು.

ಕೊನೆಗೆ ನೀರಿನ ನಳ್ಳಿಯ ಹತ್ತಿರ ಕೆಳಮನೆಯ ಗೀತಾ ಸಿಕ್ಕಳು. ನನ್ನ ಕೈ ಹಿಡಿದು, ಸಾವಿನ ಮನೆಗೆ ಬಂದವಳ ಹಾಗೆ, “ಸಮಾಧಾನ ಮಾಡ್ಕಳಿ ದೇವಕ್ಕ. ಗಿರಣಿ ಮುಚ್ಚಿದ್ರಂತೆ” ಅಂದಳು.

“ಯಾರು ಹೇಳಿದ್ದು? ದಿನಾ ನಡಿತಾ ಉಂಟು!”

“ನಡಿತಾ ಉಂಟಾ? ಮತ್ತೆ ದೀಪ ಕುಂದುದೇ ಇಲ್ಲ! ದೀಪ ಕುಂದಿದ್ರಲ್ದಾ ನಾವು ಡಬ್ಬಿ ಎತ್ತುದು? ನಿಮ್ಮ ಗಿರಣಿ ಒಂದು ದಿನ ಬೇಗ, ಒಂದು ದಿನ ತಡ. ದೀಪ ನೋಡದೆ ಹೊತ್ಕಂಡು ಬಂದ್ರೆ, ಕರೆಂಟು ಗಟ್ಟಿ ಇಲ್ಲ ಅಂತ ನೀವು ವಾಪಸ್ ಕಳಸ್ತ್ರಿ. ನಮ್ಮತ್ತೆ ಬಿಪಿ ಮಾತ್ರೆ ನುಂಗುದೂ ನಿಮ್ಮ ದೀಪ ನೋಡಿಯೇ. ಬೈರಣ್ಣ ಕೋಳಿ ಕೂಡುದೂ ಹಂಗೇ. ಈಗ ಅವನ ಕೋಳಿ ಎಲ್ಲ ಮರ ಹತ್ತಿ ಕೂತಿದಾವೆ!”

ನಾನು ಕೊಡ ಕೆಳಗಿಟ್ಟೆ. ಇಷ್ಟು ವರ್ಷ ನಾನು ಕೇರಿಗೆ ಉಪದ್ರ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಕೊಡುತ್ತಿದ್ದದ್ದು ಹೊತ್ತಿನ ಗಂಟೆ!

“ಶಾರದವ್ವ ಎಂತ ಹೇಳ್ತ್ರು?” ಅಂತ ಮೆಲ್ಲಗೆ ಕೇಳಿದೆ.

“ಎಂತ ಹೇಳ್ತ್ರು? ಟಿವಿ ಮುಂದೆ ಕೂತಿರ್ತ್ರು. ಆರದೆ ಪೂರ್ತಿ ಧಾರಾವಾಹಿ ನೋಡ್ತ್ರು. ಮುಖ ಮಾತ್ರ ಇಷ್ಟು ಸಣ್ಣ.”

ಗೀತಾ ಬುದ್ಧಿವಂತೆ. ಕೂಡಲೇ ಮೊಬೈಲಿನಲ್ಲಿ ಗಿರಣಿಯ ಗುಂಪು ಮಾಡಿದಳು. ಸಂಜೆ ಇವರ ಫೋನಿನಿಂದ “ಗಿರಣಿ ಶುರು” ಅಂತ ಕಳಿಸಿದಳು. ನಮ್ಮ ಕೇರಿಯಲ್ಲಿ ಸಿಗ್ನಲ್ಲು ಎಲ್ಲಿದೆ? ಮರುದಿನ ಬೆಳಿಗ್ಗೆ ಬೈರ ಕೂಲಿಗೆಂದು ಲಾರಿಯಲ್ಲಿ ಅರಬೈಲ್ ಘಟ್ಟದ ಹತ್ತಿರ ಹೋದಾಗ ಅವನ ಜೇಬಿನಲ್ಲಿ “ಟಿಂಗ್” ಅಂತ ಗಿರಣಿ ಶುರುವಾಯಿತಂತೆ!

“ಅದೆಲ್ಲ ಬೇಡ. ನಾನಿದ್ದೆ, ನಾನೇ ಕರಿತೆ” ಅಂದರು ಇವರು. ಸಂಜೆ ಒಂದು ಹಳೇ ಎಣ್ಣೆ ಡಬ್ಬ, ಒಂದು ಕೋಲು ಹಿಡಿದು ಅಂಗಳದಲ್ಲಿ ನಿಂತು ಢಣಢಣ ಬಾರಿಸಿದರು. ಪರಿಣಾಮ ಅದ್ಭುತ! ಇಡೀ ಕೇರಿ ಓಡಿ ಬಂತು. ಆದರೆ ಯಾರ ಕೈಯಲ್ಲೂ ಡಬ್ಬಿ ಇಲ್ಲ. ಒಬ್ಬನ ಕೈಯಲ್ಲಿ ಕವಣೆ, ಒಬ್ಬನ ಕೈಯಲ್ಲಿ ಪಟಾಕಿ. ಎಲ್ಲರ ಮುಂದೆ ಬೈರ, ಅವನ ಮುಂದೆ ಅವನ ನಾಯಿ.

“ಎಲ್ಲಿ? ಎಲ್ಲಿ? ಎಷ್ಟು ಮಂಗ ಬಂದಾವೆ?”

“ಮಂಗ ಅಲ್ಲ ಮಾರಾಯ, ಗಿರಣಿ!”

“ಗಿರಣಿ ಒಳಗೆ ಮಂಗ ಹೊಕ್ಕಿತಾ!” ಅಂತ ಬೈರ ನಾಯಿಯನ್ನು ಒಳಗೆ ಛೂ ಬಿಟ್ಟ. ಆಮೇಲೆ ನನ್ನ ಅಕ್ಕಿಹಿಟ್ಟಿನಲ್ಲಿ ನಾಯಿ, ನಾಯಿಯ ಹಿಂದೆ ಬೈರ, ಬೈರನ ಹಿಂದೆ ಪೊರಕೆ ಹಿಡಿದ ನಾನು. ಹೊರಗೆ ಬಂದಾಗ ಮೂವರೂ ಒಂದೇ ಬಣ್ಣ!

ಆದರೆ ಇಷ್ಟಾದದ್ದರಿಂದ ಗಿರಣಿ ಮುಚ್ಚಿಲ್ಲ ಅಂತ ಸುದ್ದಿಯಾಯಿತು. ಗೀತಾ ಬಂದಳು, ಬೈರನ ಹೆಂಡತಿ ಬಂದಳು, ಅಂದಾಜಿನ ಮೇಲೆ ಇಬ್ಬರು ಮೂವರು ಬರತೊಡಗಿದರು. ಬೆಂಚಿನ ಗೋಡೆ ಬದಿ ಮಾತ್ರ ಖಾಲಿ. ಬಂದವರೂ ಹಿಟ್ಟು ತಗೊಂಡು ಹೋಗುವವರೇ, ಕೂತು ಮಾತಾಡುವವರಿಲ್ಲ. ನನ್ನ ಕಿವಿ ಉಪವಾಸ ಬಿತ್ತು.

“ಅಷ್ಟು ಬೇಜಾರಾದ್ರೆ ನೀನೇ ಅವರ ಮನೆಗೆ ಹೋಗು” ಅಂದರು ಇವರು.

“ಎಂತ ಹೇಳಿ ಹೋಗುದು? ‘ಶಾರದವ್ವ, ಬಂದು ಒಂಚೂರು ಬೈದು ಹೋಗಿ’ ಅಂತನಾ? ಅವರ ಟಿವಿ ಆರುದು ನಿಂತದ್ದಕ್ಕೆ ಅವರಿಗೆ ಖುಷಿ ಆಗಬೇಕಿತ್ತು. ಬರದೆ ಇದ್ದದ್ದು ಎಂತಕೆ? ಅಷ್ಟು ದಿನದ ಸಿಟ್ಟು ಒಳಗೇ ಉಳದಿದೆ.”

“ಹಂಗಾರೆ ಟಿವಿ ಆರಿಸು. ಸಿಟ್ಟು ಹೊರಗೆ ಬರ್ತದೆ.”

ಇವರು ತಮಾಷೆಗೆ ಹೇಳಿದ್ದು. ನನ್ನ ಕಣ್ಣು ಮಾತ್ರ ಸೀದಾ ಹೋದದ್ದು ಮೂಲೆಯಲ್ಲಿ ಗೋಣಿ ಹೊದ್ದು ಮಲಗಿದ್ದ ಹಳೇ ಮೋಟಾರಿನ ಮೇಲೆ!

ಹಿಟ್ಟು ಬೀಸಲು ಹೊಸ ಮೋಟಾರು, ದೀಪ ಕುಂದಿಸಲು ಹಳೇ ಮೋಟಾರು! ಇಂಥ ಗಿರಣಿ ಭೂಮಂಡಲದಲ್ಲಿ ಇನ್ನೊಂದಿರಲಿಕ್ಕಿಲ್ಲ. ಅದೇ ಸಂಜೆ ಹಳೆಯದರ ವಯರು ಸಿಕ್ಕಿಸಿ ಸ್ವಿಚ್ಚು ಒತ್ತಿದೆ. ಬೆಲ್ಟಿಲ್ಲ, ಕಲ್ಲಿಲ್ಲ, ಯಾವ ಭಾರವೂ ಇಲ್ಲ. ಹಾಯಾಗಿ ತಿರುಗಿತು. ಬಲ್ಬು ಒಂದು ಸಣ್ಣ ರೆಪ್ಪೆ ಹೊಡೆಯಿತು ಅಷ್ಟೆ. ಎದುರು ಮನೆಯ ಕಿಟಕಿಯಲ್ಲಿ ಟಿವಿ ನೀಲಿಯಾಗಿ ಉರಿಯುತ್ತಲೇ ಇತ್ತು.

“ಇಷ್ಟು ಸಾಲುದಿಲ್ಲ. ಅದಕ್ಕೆ ಕಷ್ಟ ಕೊಡಬೇಕು” ಅಂದೆ.

“ಬೇಡ ಮಾರಾಯ್ತಿ.”

“ಒಂದೇ ಉಸಿರು. ಒತ್ತಿದ್ದೇ ಬಿಟ್ಬಿಡ್ತೆ!”

ಮೋಟಾರಿನ ಗಾಲಿ ತಿರುಗದ ಹಾಗೆ ಅದಕ್ಕೊಂದು ಒನಕೆ ಅಡ್ಡ ಸಿಕ್ಕಿಸಿದೆ. ಸ್ವಿಚ್ಚು ಒತ್ತಿದೆ. ಮೋಟಾರು ತಿಣುಕಿತು. ಹೂಂಕರಿಸಿತು. ಬಲ್ಬು ಕೆಂಪಾಯಿತು, ಕಂದಾಯಿತು. ನಾನು ಒತ್ತಿ ಬಿಡಬೇಕಿತ್ತು, ಹೌದು. ಆದರೆ ನನ್ನ ಕಣ್ಣೆಲ್ಲ ಶಾರದವ್ವನ ಕಿಟಕಿಯಲ್ಲಿ! ಟಿವಿ ಸಣ್ಣಗಾಯಿತು, ಇನ್ನೇನು ಆರಬೇಕು, ಇನ್ನೇನು…

ಢಬ್!

ನಮ್ಮ ಮನೆ ಕತ್ತಲೆ. ಶಾರದವ್ವನ ಮನೆ ಕತ್ತಲೆ. ಗೀತಾಳ ಮನೆ, ಬೈರನ ಮನೆ, ಕೇರಿಗೆ ಕೇರಿಯೇ ಕತ್ತಲೆ! ಮೋಟಾರಿನಿಂದ ಸುಟ್ಟ ರಬ್ಬರಿನ ವಾಸನೆ. ಅಂಥ ಕತ್ತಲಲ್ಲಿ ಇವರ ದನಿ ಮಾತ್ರ ಸ್ಪಷ್ಟ ಕೇಳಿತು.

“ನಾಳೆ ಕೋಳಿಗೂಡು ಮಾಡ್ತೆ.”

ಒಂದೊಂದೇ ಬ್ಯಾಟರಿಯ ಬೆಳಕು ಅಂಗಳಕ್ಕೆ ಬಂತು. ಎಲ್ಲರಿಗೂ ಗೊತ್ತು ಎಲ್ಲಿಗೆ ಬರಬೇಕು ಅಂತ! ಬೈರ ಒಳಗೆ ಇಣುಕಿ, “ದೇವಕ್ಕ, ನಿನ್ನ ಕಮ್ಮಿ ಕರೆಂಟಿನ ಮೋಟಾರು ಒಳ್ಳೇದೇ ಬಿಡು. ಈಗ ಇಡೀ ಕೇರಿಗೇ ಒಂದು ಚೂರು ಕರೆಂಟು ಖರ್ಚಿಲ್ಲ” ಅಂದ. ಅಷ್ಟರಲ್ಲಿ ಅವನ ಹಿಂದಿನಿಂದ, ಅಬ್ಬಾ, ಆ ದನಿ!

“ಏನ್ರೀ ದೇವಕ್ಕಾ! ಇಷ್ಟ ದಿನ ಟಿವಿ ಆರಿಸ್ತಿದ್ರಿ, ಇವತ್ತ ಊರಿಗೆ ಊರs ಆರಿಸಿ ಕುಂತ್ರೇನು? ಏನ್ ಗಿರಣಿ ಇದು, ಏನ್ ಮಾತು ಇದು!”

ನನ್ನ ಕಣ್ಣಲ್ಲಿ ನೀರು. “ಬನ್ನಿ ಶಾರದವ್ವ. ಕೂತ್ಕಳಿ.”

“ಕುಂದ್ರಾಕ ಬಂದಿಲ್ಲ ನಾ!” ಅನ್ನುತ್ತ ಕತ್ತಲಲ್ಲೇ ತಡಕಾಡಿ ಬೆಂಚಿನ ಗೋಡೆ ಬದಿ ಹಿಡಿದು ಕೂತರು.

ಉಳಿದವರೆಲ್ಲ ನನಗೆ ಒಂದೊಂದು ಮಾತು ಅಂದು ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ, “ಶಾರದವ್ವ, ನಿಮಗೆ ತ್ರಾಸಾಗ್ತದೆ ಅಂತ್ಲೇ ಹೊಸ ಮೋಟಾರು ತಂದದ್ದು. ತಂದ ಮೇಲೆ ನೀವು ಬರುದೇ ಬಿಟ್ರಿ. ಎಂತಕೆ?”

“ಹೆಂಗ ಬರ್ಲಿ?” ಅವರ ದನಿ ಕೆಳಗಿಳಿಯಿತು. “ಹೊತ್ತು ಮುಳಗೂ ಹೊತ್ತಿನ್ಯಾಗ ಹರಟಿ ಹೊಡಿಯಾಕ ಹೊಂಟೇನಿ ಅಂದ್ರ ನಮ್ಮ ಮನಿಯವ್ರು ಬಿಡ್ತಾರೇನು? ‘ಮನ್ಯಾಗ ಕುಂದ್ರು’ ಅಂತಾರ. ಅದs ‘ಜಗಳಕ್ಕ ಹೊಂಟೇನಿ’ ಅಂದ್ರ, ‘ಹೋಗು, ಸರಿಯಾಗಿ ಕೇಳಿ ಬಾ’ ಅಂತ ತಾವs ಬಾಗಿಲು ತಗೀತಾರ! ನೀವು ಇದ್ದ ಒಂದು ಜಗಳಾನೂ ಕಸಗೊಂಡು ಕುಂತ್ರಿ. ಸುಮ್ನ ಟಿವಿ ನೋಡಿದ್ನಿ. ಏನ್ ಬ್ಯಾಸರಾ ಅಂತೀರಿ. ಆಕಿ ಸೊಸಿಗೆ ಇನ್ನೂ ಹೊಡದಿಲ್ರೀ!”

ನಾನು ನಕ್ಕೆ, ಅವರೂ ನಕ್ಕರು. ಆದರೆ ಪ್ರಶ್ನೆ ಹಾಗೇ ಉಳಿಯಿತಲ್ಲ? ಹಳೇ ಮೋಟಾರು ಸುಟ್ಟು ಇದ್ದಿಲಾಗಿದೆ. ಹೊಸತು ಯಾರಿಗೂ ನೋವು ಮಾಡುವುದಿಲ್ಲ.

“ನಾಳಿಂದ ಏನಂತ ಬೈಲಿ? ಒಂದು ಕಾರಣಾ ಹುಡುಕಿ ಕೊಡ್ರಿ” ಅಂದರು ಶಾರದವ್ವ.

ನಾನು ತುಂಬ ಯೋಚಿಸಿ, ದೊಡ್ಡ ಮನಸ್ಸು ಮಾಡಿ, “ಹಿಟ್ಟು ನುಣ್ಣಗಾಗಲಿಲ್ಲ, ತರಿ ತರಿ ಆಗಿದೆ ಅಂತ ಬೈಯಿರಿ” ಅಂದೆ.

“ನಿಮಗ ಬ್ಯಾಸರಾ ಆಗೂದಿಲ್ಲಲ್ಲ?”

“ನಮ್ಮಿಬ್ಬರ ಮಧ್ಯೆ ಅಲ್ದಾ? ಆಗಲಿ, ಬೈಯಿರಿ!”

ಮರುದಿನ ಲೈನ್‌ಮನ್ ಬಂದು ಫ್ಯೂಸು ಹಾಕಿ, ನನಗೆ ಸಾಕಷ್ಟು ಉಪದೇಶ ಹೇಳಿ ಹೋದ. ಸಂಜೆ ಸ್ವಿಚ್ಚು ಒತ್ತಿ ಬಾಗಿಲಿಗೆ ಬಂದು ಶಾರದವ್ವನಿಗೆ ಕೈ ಸನ್ನೆ ಮಾಡಿದೆ. ಎದುರು ಮನೆಯ ಬಾಗಿಲು ಧಡಾರನೆ ತೆರೆಯಿತು.

“ಏನ್ ಗಿರಣಿರೀ ಇದು! ಹಿಟ್ಟು ಬೀಸಂದ್ರ ರವಾ ಮಾಡಿ ಕೊಟ್ಟೀರಿ! ರೊಟ್ಟಿ ತಟ್ಟಾಕ ಹೋದ್ರ ಅಂಚೆಲ್ಲಾ ಹರದು ನಕಾಶೆ ಆಗ್ತೈತಿ!”

ಏನು ಗಂಟಲು ಅದು! ಆ ದನಿ ಕೇರಿ ದಾಟಿತು, ಗುಡ್ಡಕ್ಕೆ ಬಡಿದು ವಾಪಸು ಬಂತು. ಗೀತಾ ಡಬ್ಬಿ ಎತ್ತಿದಳು. ಬೈರನ ಹೆಂಡತಿ ಡಬ್ಬಿ ಎತ್ತಿದಳು. ಮನೆಮನೆಯಿಂದ ಡಬ್ಬಿಗಳು ಹೊರಟವು! ನೋಡುನೋಡುತ್ತಿದ್ದಂತೆ ನನ್ನ ಬೆಂಚು ತುಂಬಿತು.

“ಭಾರಿ ಮೋಟಾರು! ಶುರುವಿಗೆ ಕರೆಂಟು ಬೇಡ, ಬೈಗುಳ ಸಾಕು” ಅಂದರು ಇವರು.

ನನಗೆ ಸಂತೋಷ ತಡೆಯಲಿಲ್ಲ. ಹಿಟ್ಟಿನ ಕೈ ಸೊಂಟಕ್ಕಿಟ್ಟು, ಎಲ್ಲರಿಗೂ ಕೇಳುವ ಹಾಗೆ, “ಕೇಳಿದ್ರಾ? ಇಡೀ ಊರಲ್ಲಿ ಶಾರದವ್ವನ ಬಾಯಿಗೆ ಒಂದಕ್ಕೇ ನನ್ನ ಹಿಟ್ಟು ತರಿ!” ಅಂತ ನಕ್ಕೆ.

ಯಾರೂ ನಗಲಿಲ್ಲ. ಗೀತಾ ತನ್ನ ಡಬ್ಬಿಯ ಮುಚ್ಚಳ ನೋಡಿದಳು. ಬೈರನ ಹೆಂಡತಿ ಗೀತಾಳನ್ನು ನೋಡಿದಳು. ಇವರು ಇದ್ದಕ್ಕಿದ್ದಂತೆ ಬೆಲ್ಟಿನ ಕಡೆ ತಿರುಗಿ ಏನೋ ಸರಿಮಾಡತೊಡಗಿದರು.

“ಅದೂ… ದೇವಕ್ಕ,” ಗೀತಾ ಗಂಟಲು ಸರಿಮಾಡಿಕೊಂಡಳು, “ಶಾರದವ್ವ ಬಾಯ್ಬಿಟ್ಟು ಹೇಳಿದ್ದು ಒಳ್ಳೇದೇ ಆಯ್ತು. ಯಾರು ಹೇಳುದು, ಹ್ಯಾಂಗೆ ಹೇಳುದು ಅಂತ ನಾವೆಲ್ಲ ವರ್ಷಗಟ್ಲೆ ಒಬ್ಬರ ಮುಖ ಒಬ್ಬರು ನೋಡ್ಕಂಡು ಇದ್ವಿ. ಮನೆಗೆ ಹೋಗಿ ಜರಡಿ ಹಿಡಿತಿದ್ವಿ.”

ನಾನು ಗಾಬರಿಯಿಂದ ಶಾರದವ್ವನ ಕಡೆ ತಿರುಗಿದೆ. ಅವರು ನನಗಿಂತ ಗಾಬರಿಯಾಗಿ, ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು.

“ಅಯ್ಯ ದೇವಕ್ಕಾ, ನೀವs ಹೇಳಿದ್ರಲ್ರೀ ಹಂಗ ಬೈರಿ ಅಂತ! ನಿಮಗ ಗೊತ್ತೈತಿ ಅಂದ್ಕೊಂಡಿದ್ನಿ!”